ಹರಿದ ಎಲೆಗೆ ಸಾಕ್ಷಿ

ಈ ಬೆಳಿಗ್ಗೆ ಜಗುಲಿಯಲ್ಲಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದೆ. ಅದರ ಖಾರ ವಾಸನೆ ಮೂಗಿಗೇರುವ ಹೊತ್ತಿಗೆ ಪರಿಚಯದವರೊಬ್ಬರು ಮಗಳನ್ನು ಕರೆದುಕೊಂಡು ಬಂದು, "ಡೈವೋರ್ಸಿಗೆ ಒಳ್ಳೆ ವಕೀಲರು ಯಾರಾದ್ರೂ ಗೊತ್ತಾ?" ಎಂದರು. ಕೇಳಿದವರಿಗೆ ಎಲ್ಲರೂ ಸಲಹೆ ಕೊಡುತ್ತಾರೆ. ಕೇಳದವರಿಗೂ ಕೊಟ್ಟು ರೂಢಿಯಾದವನು ನಾನು. ಆದರೆ ಈ ಸಲ ಕೈಯಲ್ಲಿದ್ದ ಎಲೆ ನನ್ನನ್ನು ಅರವತ್ತರ ದಶಕಕ್ಕೆ ಎಳೆದೊಯ್ದಿತ್ತು.

ಮೇಳಿಗೆ, ಹುಂಚದ ಮನೆಮನೆಗೆ ಬಟ್ಟೆಗಂಟು ಹೊತ್ತು ಮಾರಿದವನು ಆಗಷ್ಟೇ ಸಾಗರದಲ್ಲಿ ಅಂಗಡಿ ಹಾಕಿದ್ದೆ. ಗಂಡನಿಂದ ಬೇರೆಯಾಗಿ ಬಂದ ತಂಗಿ ಗಿರಿಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ನಮ್ಮ ಜನರಲ್ಲಿ ಬೇರೆಯಾಗುವ ಗಂಡ ಹೆಂಡತಿ ಹಿರಿಯರೆದುರು ಒಂದು ವೀಳ್ಯದೆಲೆಯನ್ನು ಹಿಡಿದು ಹರಿಯಬೇಕು. ಅಲ್ಲಿಗೆ ಮುಗಿಯಿತು, ಇಬ್ಬರೂ ಸ್ವತಂತ್ರರು. ಹುಲಿಕಲ್ಲಿನ ಅವಳ ಗಂಡ ತಾನೇ ಮುಂದಾಗಿ ಎಲೆ ಹರಿದಿದ್ದ. ಅವಳ ಹೊಲಿಗೆ ಹೆಸರಾದದ್ದೇ ತಡ, ಅವನಿಗೆ ಪ್ರೀತಿ ಉಕ್ಕಿತು. ಮದುವೆಯ ಹೊಸ ಕಾನೂನು ಬಂದ ಮೇಲೆ ಎಲೆಗೆಲ್ಲ ಬೆಲೆಯಿಲ್ಲ, ಹೆಂಡತಿ ಮನೆಗೆ ಬರಬೇಕು ಎಂದು ಕೋರ್ಟಿಗೆ ಹೋದ.

ಗಿರಿಜೆಯನ್ನು ಕರೆದುಕೊಂಡು ನಾನು ವಕೀಲರನ್ನು ಹುಡುಕಿದ್ದು ಸೀರೆ ಆರಿಸುವ ಕ್ರಮದಲ್ಲೇ. ತೀರ್ಥಹಳ್ಳಿಯವರು ಕಡತ ಬಿಚ್ಚದೆ, "ಹೊಂದ್ಕೊಂಡು ಹೋಗಮ್ಮ" ಎಂದರು. ಹೊಸನಗರದವರು ಕುರ್ಚಿ ತೋರಿಸುವ ಮುಂಚೆಯೇ "ಗೆದ್ದ ಹಾಗೆ" ಎಂದರು. ಬಟ್ಟೆ ಬಿಚ್ಚುವ ಮೊದಲೇ ಬಣ್ಣ ಹೋಗಲ್ಲ ಎಂದು ಆಣೆ ಹಾಕುವ ವ್ಯಾಪಾರಿ ಎಂಥವನೆಂದು ನನಗೆ ಗೊತ್ತು. ನಾನೇ ಹಾಗೆ ಮಾರಿದ್ದೇನೆ. ಹಾಗೇ ಹೊರಟು ಬಂದೆ.

ಸಾಗರದ ವಕೀಲರು ಮಾತ್ರ, "ಗೆಲ್ತೀವೋ ಇಲ್ವೋ ಗೊತ್ತಿಲ್ಲ" ಎಂದರು. ಸರಕು ಸಾಚಾ ಅನ್ನಿಸಿತು. ನಾನು ಕಥೆ ಶುರುಮಾಡಿದೆ. ಅವರು ಕೈಯೆತ್ತಿ, "ಬಿಡುಗಡೆ ನಿಮ್ಗೋ ಇವರಿಗೋ? ನೀವು ಸ್ವಲ್ಪ ಹೊರಗೆ ಕೂತ್ಕೊಳಿ" ಎಂದರು. ಇಡೀ ಪೇಟೆಯನ್ನು ಮಾತಲ್ಲಿ ಮಣಿಸಿದವನು ಬೆಂಚಿನ ಮೇಲೆ ಕೂತು ಬಾಗಿಲಿಗೆ ಕಿವಿಗೊಟ್ಟೆ.

"ಪೊಲೀಸ್ರು ಎಳ್ಕೊಂಡು ಹೋಗಿ ಅವ್ರ ಮನೇಲಿ ಬಿಡ್ತಾರಾ ಸಾರ್?" ಗಿರಿಜೆಯ ದನಿ.

"ಇಲ್ಲಮ್ಮ. ನೀವೇನು ಜಪ್ತಿ ಮಾಡೋ ಪಾತ್ರೆನಾ?"

"ನಾಳೆ ನಾನು ಇನ್ನೊಂದು ಮದುವೆ ಆಗ್ಬೋದಾ?"

ನಾನು ಬೆಂಚಿನಿಂದ ಜಾರದೆ ಉಳಿದದ್ದು ಪುಣ್ಯ. ಆ ಪ್ರಶ್ನೆ ಅವಳಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ವಕೀಲರು ಬಿಡಿಸಿ ಹೇಳಿದರು: ಹಳೆಯ ಪದ್ಧತಿಯ ಬಿಡುಗಡೆಯನ್ನು ಹೊಸ ಕಾನೂನೂ ಒಪ್ಪುತ್ತದೆ, ಆದರೆ ಆ ಪದ್ಧತಿ ಹಿಂದಿನಿಂದ ನಡೆದುಬಂದಿದೆ ಎಂದು ಸಾಕ್ಷಿ ಹೇಳುವವರು ಬೇಕು. ರುಜುವಾತಾದರೆ ಅವಳು ಸ್ವತಂತ್ರಳು. ಇಲ್ಲವಾದರೆ ಇನ್ನೂ ಹುಲಿಕಲ್ಲಿನವನ ಹೆಂಡತಿ.

ಸಾಕ್ಷಿ ತಾನೇ, ನನಗೆ ಬಿಡಿ ಎಂದೆ. ಊರೂರು ತಿರುಗಿದೆ. ಗಂಡಸರೆಲ್ಲ ನೆಲ ನೋಡಿದರು. ಅಷ್ಟರಲ್ಲಿ ನಮ್ಮವರೂ ದೊಡ್ಡ ಮನುಷ್ಯರಾಗಿದ್ದರು. ತಾಯಿಯೋ ಅತ್ತೆಯೋ ಎರಡನೇ ಮದುವೆಯಾದದ್ದನ್ನು ಮುಚ್ಚಿಡುವುದೇ ಮರ್ಯಾದೆಯಾಗಿತ್ತು. "ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಮಾರಾಯ" ಎಂದು ಕಾಫಿ ಕೊಟ್ಟು ಕಳಿಸಿದರು.

ಬರಿಗೈಯಲ್ಲಿ ಬಂದ ನನ್ನನ್ನು ನೋಡಿ ಗಿರಿಜೆ ಕತ್ತರಿ ಕೆಳಗಿಟ್ಟಳು. "ನೀನು ಜಗುಲೀಲಿ ಕೇಳಿದೀಯ ಅಣ್ಣ. ಅಡುಗೆಮನೇಲಿ ಕೇಳ್ಬೇಕಿತ್ತು."

ಮರುದಿನ ಹುಂಚದ ಬಸ್ಸು ಹತ್ತಿದಳು. ಜೊತೆಗೆ ನಾನೂ ಹೋದೆ, ಕಂಕುಳಲ್ಲಿ ಒಂದು ಒಳ್ಳೆಯ ಸೀರೆ. ಅಲ್ಲಿ ಚೌಡಜ್ಜಿ ಎಂಬ ಮುದುಕಿ ಒಲೆ ಮುಂದೆ ಕೂತು ಗಿರಿಜೆಯ ಮಾತನ್ನೆಲ್ಲ ಕೇಳಿದಳು. ನಾನು ಸೀರೆ ಮುಂದಿಟ್ಟೆ.

"ಇದೆಂತಕ್ಕೆ?"

"ನಿಮಗೆ ಅಜ್ಜಿ, ಕೋರ್ಟಿಗೆ ಉಡಕ್ಕೆ."

"ಹಂಗಾರೆ ಸಾಕ್ಷಿನೂ ಸೀರೆನೇ ಹೇಳ್ಲಿ. ನಂಗೆ ಮನೇಲಿ ಕೆಲ್ಸ ಐತೆ."

ಸೀರೆ ಮತ್ತೆ ಕಂಕುಳಿಗೆ ಬಂದ ಮೇಲೆಯೇ ಅಜ್ಜಿ ಗಿರಿಜೆಗೆ, ಬರುತ್ತೇನೆ ಎಂದಳು. ಆ ದಿನ ನಾನು ಮಾಡಿದ ಉಪಕಾರವೆಂದರೆ ಅದನ್ನು ಹೊತ್ತು ಸುಮ್ಮನೆ ನಡೆದದ್ದು.

ವಿಚಾರಣೆಯ ದಿನ ಚೌಡಜ್ಜಿ ಹಳೇ ಸೀರೆಯಲ್ಲೇ ಬಂದಳು. ಬೆನ್ನಿಗೆ ಮೇಳಿಗೆಯ ಕಡೆಯ ಇಬ್ಬರು ಹೆಂಗಸರು. ಅಜ್ಜಿಯ ಮಗ, ಮರ್ಯಾದೆ ಹೋಗುತ್ತದೆಂದು ದಾರಿಯುದ್ದಕ್ಕೂ ಬೈದವನು, ಬಾಗಿಲ ಮರೆಯಲ್ಲಿ ನಿಂತಿದ್ದ. ಗಂಡನ ಕಡೆಯ ವಕೀಲರು ಕೇಳಿದರು: "ಇಂಥ ಪದ್ಧತಿ ಇದೆ ಅಂತ ನಿಮಗೆ ಯಾರು ಹೇಳಿದ್ದು?"

"ಹೇಳೋದೆಂತದು? ಮೊದಲ್ನೇ ಗಂಡನ ಜೊತೆ ಎಲೆ ಹರಿದವ್ಳು ನಾನು. ಬಾಗ್ಲಲ್ಲಿ ಅಡಗಿ ನಿಂತಿದಾನಲ್ಲ, ಅವ್ನು ಎರಡನೇ ಮದುವೆ ಮಗ. ಎಲೆಗೆ ಬೆಲೆ ಇಲ್ಲ ಅಂದ್ರೆ ಅವ್ನು ಯಾರ ಮಗ ಅಂತ ನೀವೇ ಬರ್ಕೊಳಿ."

ಕೋರ್ಟೆಲ್ಲ ಅತ್ತ ತಿರುಗಿತು. ಮಗ ಒಂದು ಕ್ಷಣ ತಲೆ ತಗ್ಗಿಸಿದ. ಆಮೇಲೆ ಒಳಗೆ ಬಂದು ತಾಯಿ ಕಟಕಟೆ ಇಳಿಯಲು ಕೈ ಕೊಟ್ಟ. ತೀರ್ಪು ನಮ್ಮ ಪರವಾಗಿ ಬಂದದ್ದು ಎಷ್ಟೋ ದಿನದ ಮೇಲೆ. ನನ್ನ ಲೆಕ್ಕದಲ್ಲಿ ಗಿರಿಜೆ ಗೆದ್ದದ್ದು ಅಲ್ಲೇ. ಅವಳು ಹುಲಿಕಲ್ಲಿಗೆ ಹೋಗಲಿಲ್ಲ. ಮತ್ತೆ ಮದುವೆಯಾದಳೇ ಎಂದು ನೀವು ಕೇಳುತ್ತೀರಿ. ಆಗಬಹುದಿತ್ತು, ಅಷ್ಟು ಸಾಕು. ಉಳಿದದ್ದನ್ನು ಹೇಳಲು ನನಗೆ ಅವಳ ಅಪ್ಪಣೆಯಿಲ್ಲ.

ಇತ್ತ ಜಗುಲಿಯಲ್ಲಿ ಎದುರು ಕೂತ ಹುಡುಗಿಯ ತಂದೆ ಅಳಿಯನ ಕಥೆ ಹೇಳುತ್ತಲೇ ಇದ್ದರು. ಮಗಳು ಸೆರಗಿನ ತುದಿ ಸುತ್ತುತ್ತಿದ್ದಳು. ನಾನು ಎಲೆ ತಟ್ಟೆ ಎತ್ತಿಕೊಂಡು ಎದ್ದೆ.

"ಬನ್ನಿ, ನಾವು ಅಂಗಳದಲ್ಲಿ ಕೂರೋಣ. ಅವಳು ಒಳಗೆ ಗಿರಿಜೆ ಹತ್ರ ಮಾತಾಡ್ಲಿ. ಯಾವ ವಕೀಲರು ಅಂತ ಆಮೇಲೆ ನೋಡೋಣ."

"ನಾನಿಲ್ದೆ ಅವಳಿಗೆ ಸರಿಯಾಗಿ ಹೇಳಕ್ಕೆ ಬರಲ್ಲ" ಎಂದರು ಅವರು.

"ನಾನೂ ಹಂಗೇ ಅಂದ್ಕೊಂಡಿದ್ದೆ" ಎಂದೆ.

ಹುಡುಗಿ ಒಳಗೆ ಹೋದಳು. ಗಿರಿಜೆಯ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.