ಭಾವನವರ ಕೋಣೆಯ ಥರ್ಮೋಸ್ಟಾಟ್

ಎ.ಸಿ.ಯ ತಂಪನ್ನು ತಾನೇ ಹದದಲ್ಲಿಟ್ಟು ಕರೆಂಟ್ ಉಳಿಸುವ ಸ್ಮಾರ್ಟ್ ಥರ್ಮೋಸ್ಟಾಟ್ ತರೋಣ ಎಂದು ನನ್ನ ಗಂಡ ಹೇಳಿದ ವಾರವೇ, ಅವರ ಅಣ್ಣ ಮೊಣಕಾಲಿನ ಚಿಕಿತ್ಸೆಗೆ ಸಿರುಗುಪ್ಪದಿಂದ ಬಂದು ನಮ್ಮಲ್ಲಿ ಉಳಿಯುತ್ತಾರೆಂದು ಗೊತ್ತಾಯಿತು. ಕಡುಬೇಸಿಗೆ. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ತಾರಸಿ ಸಂಜೆಯಾದರೂ ಕಾದ ಹೆಂಚಿನಂತಿರುತ್ತಿತ್ತು.

ಭಾವನವರ ಮೇಲೆ ನನಗೆ ಹಳೆಯ ಸಿಟ್ಟಿತ್ತು. ಮದುವೆಯಾದ ಹೊಸತರಲ್ಲಿ ನಾವೆಲ್ಲ ಸಿರುಗುಪ್ಪದಲ್ಲಿ ಒಂದೇ ಮನೆಯಲ್ಲಿದ್ದೆವು. ಎ.ಸಿ. ಇದ್ದದ್ದು ಪಡಸಾಲೆಯಲ್ಲಿ ಮಾತ್ರ. ರಿಮೋಟ್ ಇರುತ್ತಿದ್ದದ್ದು ಭಾವನವರ ಅಂಗಿಯ ಜೇಬಿನಲ್ಲಿ. ಒಂದು ಮಧ್ಯಾಹ್ನ ನನ್ನ ಅಪ್ಪ ನನಗೆಂದು ಹುರಿದ ಶೇಂಗಾ ಕಟ್ಟಿಕೊಂಡು ಕುರುಗೋಡಿನಿಂದ ಬಸ್ಸಿನಲ್ಲಿ ಬಂದರು. ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಭಾವ ಎ.ಸಿ. ಆರಿಸಿ ಎದ್ದರು.

“ಬಂದವ್ರಿಗೆಲ್ಲಾ ತಂಪು ಹಂಚಾಕ ಇದೇನು ಅರವಟ್ಟಿಗಿ ಏನ್ರಿ?” ಎಂದು ನಗುತ್ತಲೇ ಹೇಳಿ ಒಳಗೆ ಹೋದರು.

ಅಪ್ಪನೂ ನಕ್ಕರು. “ಇರ್ಲಿ ಬಿಡವಾ, ಎ.ಸಿ. ಗಾಳಿ ನನಗ ಆಗಿ ಬರಂಗಿಲ್ಲ” ಎಂದರು. ಒಂದು ಲೋಟ ನೀರು ಕುಡಿದು, ಊಟಕ್ಕೂ ನಿಲ್ಲದೆ ಬಸ್ ಹತ್ತಿದರು. ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ನಾವು ಬಳ್ಳಾರಿಯಲ್ಲಿ ಸ್ವಂತ ಮನೆ ಮಾಡುವ ಹೊತ್ತಿಗೆ ಅಪ್ಪ ಇರಲಿಲ್ಲ.

ಥರ್ಮೋಸ್ಟಾಟ್ ನೋಡಲು ಬ್ರೂಸ್‌ಪೇಟೆಯ ಅಂಗಡಿಗೆ ಹೋದೆವು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ತಾನೇ ಎ.ಸಿ. ಆರಿಸುವ ಒಂದನ್ನು ಗಂಡ ಮೆಚ್ಚಿದರು. ನನ್ನ ಕಣ್ಣು ಪಕ್ಕದ್ದರ ಮೇಲಿತ್ತು.

“ಇದು ಫೋನಿನಿಂದ ಲಾಕ್ ಆಗ್ತೈತೇನ್ರಿ?”

“ಆಗ್ತೈತ್ರಿ ಮೇಡಂ. ನೀವು ಎಷ್ಟಕ್ಕ ಇಡ್ತೀರಿ ಅಷ್ಟಕ್ಕ ನಿಲ್ತೈತಿ. ಮನ್ಯಾಗ ಸಣ್ಣ ಹುಡುಗ್ರು ಅದಾರೇನ್ರಿ?”

“ಇಲ್ಲ. ದೊಡ್ಡವ್ರೊಬ್ರು ಬರಾಕತ್ಯಾರ” ಎಂದೆ. ಗಂಡ ನನ್ನ ಮುಖ ನೋಡಿ, ಅದಕ್ಕೇ ದುಡ್ಡು ಕೊಟ್ಟರು.

ಭಾವ ಬಂದ ಮರುದಿನವೇ ಅವರ ಕೋಣೆಯ ಎ.ಸಿ.ಯನ್ನು ಮೂವತ್ತು ಡಿಗ್ರಿಗೆ ಲಾಕ್ ಮಾಡಿ ನಾನು ಕುರುಗೋಡಿನ ಕಾಲೇಜಿಗೆ ಪಾಠಕ್ಕೆ ಹೋದೆ. ಗೋಡೆಯ ಮೇಲಿನ ಗುಂಡಿಯನ್ನು ಯಾರಾದರೂ ಒತ್ತಿದರೆ ನನ್ನ ಫೋನು ಟಿಣ್ ಎನ್ನುತ್ತದೆ. ಅಂದು ಅದು ಬಿಡದೆ ಟಿಣ್‌ಗುಟ್ಟಿತು. ಪ್ರತಿ ಸಲವೂ ನನ್ನ ಹೊಟ್ಟೆ ತಣ್ಣಗಾಯಿತು. ಪಕ್ಕದಲ್ಲಿದ್ದ ಸಹೋದ್ಯೋಗಿ “ಏನ್ರಿ, ಒಳ್ಳೆ ಸುದ್ದಿ ಏನು?” ಎಂದು ಕೇಳುವಷ್ಟು ನನ್ನ ಮುಖ ಅರಳಿತ್ತು.

ಹೀಗೇ ನಾಲ್ಕಾರು ದಿನ ನಡೆಯಿತು. ಒಂದು ಸಂಜೆ ಚಹಾ ಕೊಡಲು ಹೋದಾಗ ಭಾವ ಬನಿಯನ್ನಿನಲ್ಲಿ, ಬೆವರಿ, ಗೋಡೆ ನೋಡುತ್ತ ಕುಳಿತಿದ್ದರು.

“ಯವ್ವಾ, ಈ ಮಿಷನ್ ಕೆಟ್ಟೈತೇನು?”

“ಇಲ್ರಿ ಭಾವಾರ. ನಾನ ಲಾಕ್ ಮಾಡೀನಿ. ನಮ್ಮಪ್ಪ ನಿಮ್ಮ ಮನಿಗಿ ಬಂದಾಗ ನೀವು ಎ.ಸಿ. ಬಂದ್ ಮಾಡಿ ಎದ್ದು ಹೋಗಿದ್ರಿ. ಇದೇನು ಅರವಟ್ಟಿಗಿ ಏನು ಅಂದಿದ್ರಿ.”

ಅವರು ಚಹಾದ ಲೋಟ ಕೆಳಗಿಟ್ಟರು. “ನನಗ ನೆನಪಿಲ್ಲವಾ” ಎಂದರು. ಬೆವರು ಒರೆಸಿಕೊಂಡು, “ಆದ್ರ ಅಂದಿರ್ತೀನಿ. ನಾ ಅಂಥಾವನ” ಎಂದರು.

ಕ್ಷಮೆ ಕೇಳಿದ್ದರೆ ಸಿಟ್ಟು ಇಳಿಯುತ್ತಿತ್ತೋ ಏನೋ. ನೆನಪೇ ಇಲ್ಲವೆಂದದ್ದು ನನ್ನನ್ನು ಮತ್ತಷ್ಟು ಸುಟ್ಟಿತು. ಅಪ್ಪ ಸಾಯುವತನಕ ಮರೆಯದ ಮಾತು ಇವರಿಗೆ ಊದಿ ಬಿಟ್ಟ ಧೂಳಾಗಿತ್ತು. ನಾನು ಲಾಕ್ ತೆಗೆಯಲಿಲ್ಲ. ಅವರೂ ತೆಗೆ ಎನ್ನಲಿಲ್ಲ, ತಮ್ಮನಿಗೆ ದೂರು ಹೇಳಲಿಲ್ಲ.

ಚಿಕಿತ್ಸೆ ಮುಗಿಯುತ್ತಲೇ, ಇನ್ನೊಂದು ವಾರ ಇರು ಎಂದು ತಮ್ಮ ಅಂದರೂ ಕೇಳದೆ, ಭಾವ ಹೊರಟರು. ಕಾರಿನ ಬಾಗಿಲು ಹಿಡಿದು ನನ್ನತ್ತ ತಿರುಗಿ “ಬರ್ತೀನವಾ” ಎಂದರು.

“ಹೋಗಿ ಬರ್ರಿ” ಎನ್ನುವುದು ನಮ್ಮಲ್ಲಿ ರೂಢಿ. ನನ್ನ ಬಾಯಿಂದ ಅದು ಹೊರಡಲಿಲ್ಲ. ತಲೆ ಆಡಿಸಿ, ಗೇಟು ಹಾಕಿಕೊಂಡು ಒಳಗೆ ಬಂದೆ.