ಎಂಟನೆಯ ಸಾಲು

ಶಾಸನವೆಂದರೆ ರಾಜರ ಬಡಾಯಿ ಎಂದು ನಾನು ಅಕ್ಕನನ್ನು ಛೇಡಿಸುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ಅವಳು ಕಾರ್ಕಳದ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದಳು. ಶನಿವಾರ ಕಾಪುವಿನ ನಮ್ಮ ಮನೆಗೆ ಬಂದವಳೇ ಚೀಲವನ್ನು ಜಗಲಿಗೆ ಎಸೆದು ಪಕ್ಕದ ಗುಡಿಯ ಅಂಗಳಕ್ಕೆ ಓಡುತ್ತಿದ್ದಳು. ಅಲ್ಲಿ ಅರ್ಧ ಹೂತುಹೋದ ಒಂದು ಕಲ್ಲಿತ್ತು. ಅದಕ್ಕೆ ಅಕ್ಕಿಹಿಟ್ಟು ಸವರಿ, ಹಳೆಯ ಲಿಪಿಯ ಒಂದೊಂದೇ ಅಕ್ಷರ ಬಿಡಿಸಿ, ವರ್ಷವಿಡೀ ಕೂತು ಏಳು ಸಾಲು ಓದಿದ್ದಳು.

ರಾಜನ ಸುದ್ದಿ ಎರಡು ಸಾಲಿಗೇ ಮುಗಿದಿತ್ತು. ಉಳಿದದ್ದೆಲ್ಲ ಒಬ್ಬ ಹೆಂಗಸಿನದು. ಕಡಲಿಗೆ ಹೋದ ಗಂಡ ಮರಳದಿದ್ದಾಗ, ದಾರಿಹೋಕರಿಗೆ ಅನ್ನ ಹಾಕಲೆಂದು ಅವಳು ತನ್ನ ಪಾಲಿನ ಗದ್ದೆಯನ್ನು ಬಿಟ್ಟುಕೊಟ್ಟಿದ್ದಳು. ಅವಳ ಹೆಸರು ಎಂಟನೆಯ ಸಾಲಿನಲ್ಲಿರಬೇಕು, ಆ ಸಾಲು ಮಣ್ಣಿನಡಿ. ಪೂಜೆಯಿರುವ ಜಾಗವನ್ನು ನಾವಾಗಿ ಅಗೆಯುವ ಹಾಗಿಲ್ಲ. ಅಕ್ಕ ಪುರಾತತ್ವದವರಿಗೆ ಕಾಗದ ಬರೆದಳು. ಮಳೆ ಬಿಟ್ಟ ಮೇಲೆ ಬರುತ್ತೇವೆಂದು ಉತ್ತರ ಬಂತು. ಒದ್ದೆ ಕಾಗದ ಅಂಟಿಸಿ ಮಸಿ ಒತ್ತಿ ಅವರು ಪಡಿಯಚ್ಚು ತೆಗೆದರೆ, ಆಮೇಲೆ ಕಲ್ಲು ಪುಡಿಯಾದರೂ ಹೆಸರು ಉಳಿಯುತ್ತದೆ ಎಂದು ಅಕ್ಕ ವಿವರಿಸಿದಳು.

"ಅಷ್ಟರವರೆಗೆ ಕಲ್ಲು ನೋಡಿಕೋ ಮಾರಾಯ. ನನಗೆ ಅವಳ ಹೆಸರು ಬೇಕು."

ಮಳೆಗೆ ಮೊದಲೇ ಗುಡಿಯ ಜೀರ್ಣೋದ್ಧಾರ ಶುರುವಾಯಿತು. ಒಂದು ಬುಧವಾರ ನಾನು ಉಡುಪಿಯ ಆಫೀಸಿಗೆ ಹೊರಟಾಗ ಕಲ್ಲನ್ನು ಎಬ್ಬಿಸಿ ಮಲಗಿಸಿದ್ದರು. ಹೊಸ ಮೆಟ್ಟಿಲಿಗಂತೆ. ಹೂತಿದ್ದ ಸಾಲುಗಳು ನಿನ್ನೆ ಕೆತ್ತಿದಷ್ಟು ಸ್ಪಷ್ಟವಾಗಿದ್ದವು. ನನಗೆ ಓದಲು ಬಾರದು. ನೋಡಿ ಬರೆದುಕೊಳ್ಳಲು ಜೇಬಿನಲ್ಲಿ ಪೆನ್ನಿತ್ತು, ತಲೆಯಲ್ಲಿ ಬುದ್ಧಿ ಇರಲಿಲ್ಲ. ಬಸ್ಸಿನ ಅವಸರ ಬೇರೆ.

"ಇದನ್ನು ಮೆಟ್ಟಿಲಿಗೆ ಹಾಕಬೇಡಿ. ಅಕ್ಷರ ಉಂಟು. ತುಳಿದರೆ ಸರಸ್ವತಿಯನ್ನೇ ತುಳಿದ ಹಾಗೆ" ಎಂದು ಕಲ್ಲುಕುಟಿಗನಿಗೆ ಹೇಳಿದೆ. ಅವನು ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡು ಕಲ್ಲಿಗೆ ಕೈಮುಗಿದ. ಭಾರೀ ಜಾಣತನ ಮಾಡಿದೆನೆಂದುಕೊಂಡು ನಾನು ಬಸ್ಸು ಹತ್ತಿದೆ.

ಸಂಜೆ ಬಂದಾಗ ಕಲ್ಲು ಮೆಟ್ಟಿಲಾಗಿತ್ತು. ಮೈಯೆಲ್ಲ ನುಣುಪು.

"ನೀವು ಹೇಳಿದ್ದು ಒಳ್ಳೆಯದಾಯ್ತು" ಎಂದ ಅವನು, ಧೂಳು ಕೊಡವುತ್ತ. "ಇಬ್ಬರು ಕೂತು ಒಂದು ಅಕ್ಷರ ಬಿಡದೆ ತೆಗೆದಿದ್ದೇವೆ. ಈಗ ಯಾರು ಕಾಲಿಟ್ಟರೂ ದೋಷ ಇಲ್ಲ, ಅಲ್ವಾ?"

ಅವನನ್ನು ಬೈದು ಏನು ಪ್ರಯೋಜನ? ಬೈಸಿಕೊಳ್ಳಬೇಕಾದವನು ನಾನು. ಮನೆಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ.

ಶನಿವಾರ ಅಕ್ಕ ಬಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೆಟ್ಟಿಲ ಬಳಿ ಕೂತು, ಕಲ್ಲನ್ನು ಅಂಗೈಯಿಂದ ಸವರಿದಳು.

"ನೀನು ನೋಡಿದ್ದೀಯಲ್ಲ. ಎಂಟನೆಯ ಸಾಲಿನ ಮೊದಲ ಅಕ್ಷರ ಹೇಗಿತ್ತು? ಬರೆ."

ನಾನು ಮಣ್ಣಿನ ಮೇಲೆ ಬೆರಳಿನಿಂದ ಬರೆದೆ. ಅಳಿಸಿ ಇನ್ನೊಂದು ಬರೆದೆ, ಮತ್ತೊಂದು ಬರೆದೆ. ಅಕ್ಕ ಪ್ರತಿಸಲವೂ ಆಸೆಯಿಂದ ಬಗ್ಗಿ ನೋಡಿದಳು. ಕೊನೆಗೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಸಾಕು. ಇಂಥ ಅಕ್ಷರ ಇಲ್ಲ."