ಗೌಸಬೀ ಬಿಡಿಸಿದ ಕಲ್ಲುಮೀನು

ಗಂಗಾವತಿ ಸಂತೆಯಲ್ಲಿ ಮೀನು ಮಾರುವ ಗೌಸಬೀಯ ಬಾಯಿಗೆ ಹೆದರದವರಿರಲಿಲ್ಲ; ಆಕೆಯ ಮಾತನ್ನು ಸುಳ್ಳೆಂದವರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಹುಣಸೆಮರದ ನೆರಳಿನ ಕಟ್ಟೆಯ ಮೇಲೆ ಬುಟ್ಟಿ ಇಟ್ಟು ಕೂತವಳು. ಗಿರಾಕಿ ಬಂದರೆ ಸಾಕು, ಮೀನಿನ ಕಿವಿರಿನ ಮುಚ್ಚಳ ಎತ್ತಿ ತಾಜಾ ಎಂದು ಒಳಗಿನ ಕೆಂಪು ತೋರಿಸುವಳು. ತೋರಿಸುತ್ತ ತೋರಿಸುತ್ತ ಕಿವಿರು ನೋಡಿಯೇ ಮೀನು ಏನು ತಿನ್ನುತ್ತದೆಂದು ಹೇಳುವ ಹುಚ್ಚು ಆಕೆಗೇ ಹತ್ತಿತ್ತು. ಒಳಗೆ ಬಾಚಣಿಗೆಯಂಥ ಸಣ್ಣ ಎಳೆಗಳಿದ್ದರೆ ಅದು ನೀರು ಸೋಸಿ ತಿನ್ನುವ ಮೀನು. ನಾಲ್ಕೈದು ಮೊಂಡು ಮುಳ್ಳಷ್ಟೇ ಇದ್ದರೆ ಮೀನನ್ನೇ ನುಂಗುವ ಜಾತಿ. ಎಷ್ಟೋ ಹೊಟ್ಟೆ ಸೀಳಿ ಖಾತ್ರಿ ಮಾಡಿಕೊಂಡಿದ್ದಳು.

೧೯೪೧ರ ಚಳಿಗಾಲದಲ್ಲಿ ಕಲ್ಲುಬಂಡೆಗಳ ತಪಾಸಣೆಗೆ ಬಂದ ಮುದಿ ಅಧಿಕಾರಿಯೊಬ್ಬರು ಈ ಹುಚ್ಚಿನ ಸುದ್ದಿ ಕೇಳಿ, ಬಟ್ಟೆಯಲ್ಲಿ ಸುತ್ತಿದ್ದ ಒಂದು ಹಾಸುಗಲ್ಲನ್ನು ಆಕೆಯ ಮುಂದೆ ಬಿಚ್ಚಿದರು. ಗೋದಾವರಿ ಕಡೆ ಸಿಕ್ಕಿದ್ದಂತೆ. ಅದರೊಳಗೆ ಕೋಟ್ಯಂತರ ವರ್ಷದ ಹಿಂದೆ ಕಲ್ಲಾದ ಮೀನು!

"ಇದು ಏನ್ ತಿಂತಿತ್ತು, ಹೇಳವಾ ನೋಡೋಣು."

"ಇಷ್ಟಗಲ ಬಾಯಿ ಐತಿ! ಮೀನು ನುಂಗತಿತ್ತು, ಮತ್ತೇನ್ರಿ?"

"ಕಿವಿರು ಕಾಣದ ಹೆಂಗ ಹೇಳತಿ? ಅದರ ಮ್ಯಾಲ ಮಣ್ಣು ಕುಂತೈತಿ."

ಅತ್ತ ಬಿಸಿಲಲ್ಲಿ ಮೀನು ಮಾರುತ್ತಿದ್ದ ಅಲ್ಲಾಸಾಬ ಕಿಸಕ್ಕನೆ ನಕ್ಕ. ಗೌಸಬೀಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತಲ್ಲ!

"ಲೇ ಅಲ್ಲಾಸಾಬ, ನನ್ನ ಮಾತು ಸುಳ್ಳಾದ್ರ ಈ ಕಟ್ಟಿ ನಿನಗ ಬಿಡತೀನಿ, ತಗೋ!"

ವಯಸ್ಸಾಗಿ ಅಧಿಕಾರಿಯ ಕೈ ನಡುಗುತ್ತಿತ್ತು. ಮಣ್ಣು ಬಿಡಿಸುವ ಸೂಜಿಯನ್ನು ಆಕೆಗೇ ಕೊಟ್ಟರು. ಮೂರು ದಿನ ಅವರ ಡೇರೆಯಲ್ಲಿ ಕೂತು ಕೆರೆದಳು. ಮೂರನೆಯ ಮಧ್ಯಾಹ್ನ ಅವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ಸೂಜಿಯಡಿ ಒಂದು ಎಳೆ ಕಂಡಿತು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಬಾಚಣಿಗೆ! ಹಾಗಾದರೆ ಇದು ನೀರು ಸೋಸುವ ಮೀನು; ಆಕೆಯ ಮಾತು ಸುಳ್ಳು.

ಸೂಜಿಯನ್ನು ಒಮ್ಮೆ ಜೋರಾಗಿ ಎಳೆದರೆ ಎಲ್ಲ ಪುಡಿ. ಕಟ್ಟೆ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ಕೈ ಅಲ್ಲೇ ನಿಂತಿತು. ಆದರೆ ಇನ್ನೂ ಎಷ್ಟು ಎಳೆಗಳಿವೆಯೋ ನೋಡದೆ ಬಿಡುವುದು ಹೇಗೆ? ಉಸಿರು ಬಿಗಿಹಿಡಿದು ಮೆಲ್ಲಗೆ ಬಿಡಿಸುತ್ತ ಹೋದಳು. ನಲವತ್ತೆರಡು ಇದ್ದವು.

"ಸಾಹೇಬ್ರ, ಏಳ್ರಿ! ನಾ ಸೋತೆ! ಅಷ್ಟು ದೊಡ್ಡ ಬಾಯಿ ತಗದು ಇದು ಬರೇ ನೀರು ಸೋಸತಿತ್ತು, ನೋಡಬರ್ರಿ!"

ಸೋತವಳಿಗೆ ಖುಷಿ ತಡೆಯಲಾಗಲಿಲ್ಲ.

ಮುಂದಿನ ಸಂತೆಗೆ ಅಧಿಕಾರಿ ಕಲ್ಲು ಕಟ್ಟಿಕೊಂಡು ಊರು ಬಿಟ್ಟಿದ್ದರು. ಗೌಸಬೀ ಸೋತದ್ದನ್ನು ತಾನೇ ಸಾರಿ, ಬುಟ್ಟಿಯನ್ನು ಬಿಸಿಲಿಗೆ ಒಯ್ದಳು. ಅಲ್ಲಾಸಾಬನಿಗೇ ನಾಚಿಕೆಯಾಯಿತು.

"ಬಿಡವಾ, ಕಟ್ಟಿ ಮ್ಯಾಲ ಕುಂದ್ರು. ಆ ಕಲ್ಲಿನಾಗ ಏನಿತ್ತಂತ ಇಲ್ಲಿ ಯಾರು ನೋಡ್ಯಾರ?"

"ನಾ ನೋಡೀನಲ್ಲೋ," ಎಂದಳು ಗೌಸಬೀ.